ಮೆರವಣಿಗೆ ಹೊರಡೋ ಮೊದಲೇ ಬರೆದಿಟ್ಟ ಸುದ್ದಿ: ಲಂಡನ್ ಬೀದಿಗಳಲ್ಲಿ ಗಾಜಾ ಗಲಾಟೆಯ ಹಿನ್ನೆಲೆ

2025ರ ಆಗಸ್ಟ್ 9, ಶನಿವಾರ ಮಧ್ಯಾಹ್ನ. ಲಂಡನ್ನಿನ ಪಾರ್ಲಿಮೆಂಟ್ ಸ್ಕ್ವೇರ್‌ನ ಹುಲ್ಲಿನ ಮೇಲೆ ನೂರಾರು ಜನ ಸುಮ್ಮನೆ ಕೂತ್ಕೊಂಡು ರಟ್ಟಿನ ಮೇಲೆ ಮಾರ್ಕರ್ ಪೆನ್ನಲ್ಲಿ ಎರಡು ಸಾಲು ಬರೆದ್ರು. ನರಮೇಧಕ್ಕೆ ನನ್ನ ವಿರೋಧ ಇದೆ, ಪ್ಯಾಲೆಸ್ಟೈನ್ ಆ್ಯಕ್ಷನ್‌ಗೆ ನನ್ನ ಬೆಂಬಲ ಇದೆ, ಇಷ್ಟೇ. ಬರೆದು ಎದೆ ಮುಂದೆ ಹಿಡ್ಕೊಂಡ್ರು, ಪೊಲೀಸರು ಬಂದು ಒಬ್ಬೊಬ್ಬರನ್ನೇ ಎಬ್ಬಿಸಿ, ಏಳದೇ ಇದ್ದೋರನ್ನ ಕೈಕಾಲು ಹಿಡಿದು ಎತ್ಕೊಂಡು ಹೋದ್ರು. ಅವತ್ತು ಒಟ್ಟು 532 ಜನ ಅರೆಸ್ಟ್, ಅದರಲ್ಲಿ ಸುಮಾರು ಅರ್ಧ ಜನ 60 ದಾಟಿದೋರು, 80 ದಾಟಿದೋರೂ ಇದ್ರು. ಬಹುತೇಕ ಎಲ್ಲರನ್ನೂ ಹಿಡಿದಿದ್ದು 2000ನೇ ಇಸವಿಯ ಭಯೋತ್ಪಾದನಾ ಕಾಯ್ದೆ ಅಡಿಯಲ್ಲಿ. ಪ್ಯಾಲೆಸ್ಟೈನ್ ಆ್ಯಕ್ಷನ್ ಅಂದ್ರೆ ಸರ್ಕಾರ ಆಗಷ್ಟೇ ಬ್ಯಾನ್ ಮಾಡಿದ್ದ ಹೋರಾಟದ ಗುಂಪು, ಬ್ಯಾನ್ ಆದ ಗುಂಪಿಗೆ ಬೆಂಬಲ ತೋರಿಸೋದೂ ಆ ಕಾಯ್ದೆಲಿ ಅಪರಾಧ.

ಆ ವಿಡಿಯೋ ನೋಡಿದೋರು ಕೆಲವರು ನನ್ನ ಕೇಳಿದ್ರು, ಅದೇನು ಅಜ್ಜಿಯಂದಿರನ್ನ ಟೆರರಿಸ್ಟ್ ಅಂತ ಹಿಡೀತಾರಾ ಅಲ್ಲಿ ಅಂತ. ಇನ್ನು ಕೆಲವರು, ಇವರನ್ನ ಎರಡು ವರ್ಷದಿಂದ ಬಿಟ್ಟಿದ್ದೇ ತಪ್ಪು ಅಂದ್ರು. ಇಬ್ಬರೂ ನೋಡಿದ್ದು ಅರ್ಧ ನಿಮಿಷದ ಕ್ಲಿಪ್ಪು, ಆದ್ರೆ ಅದರ ಹಿಂದೆ ಸುಮಾರು 90 ವರ್ಷದ ಕತೆ ಇದೆ.

ಮೊದಲಿನದ್ದನ್ನ ಬೇಗ ಹೇಳಿಬಿಡ್ತೀನಿ. 1936ರಲ್ಲಿ ಲಂಡನ್ನಿನ ಕೇಬಲ್ ಸ್ಟ್ರೀಟ್‌ನಲ್ಲಿ ಫ್ಯಾಸಿಸ್ಟರ ಮೆರವಣಿಗೆನ ಯಹೂದಿಗಳು, ಕಮ್ಯುನಿಸ್ಟರು, ಐರಿಷ್ ಕೂಲಿಗಳು ಎಲ್ಲಾ ಸೇರಿ ತಡೆದ್ರು, ಅದೇ ವರ್ಷ ಪಬ್ಲಿಕ್ ಆರ್ಡರ್ ಕಾಯ್ದೆ ಬಂತು. 1986ರಲ್ಲಿ ಅದಕ್ಕೆ ಹೊಸ ರೂಪ ಕೊಟ್ರು. ಈಗಲೂ ಅದೇ ಬುನಾದಿ: ಮೆರವಣಿಗೆ ಮಾಡೋರು ಆರು ದಿನ ಮೊದಲೇ ಪೊಲೀಸರಿಗೆ ತಿಳಿಸಬೇಕು, ಪೊಲೀಸರು ದಾರಿ, ಹೊತ್ತು ಹೀಗೆ ಷರತ್ತು ಹಾಕಬಹುದು, ಆದ್ರೆ ಪೂರ್ತಿ ಬ್ಯಾನ್ ಮಾಡೋಕೆ ಷರತ್ತಿಂದ ತಡೆಯೋಕಾಗದಷ್ಟು ದೊಡ್ಡ ಗಲಭೆ ಆಗುತ್ತೆ ಅನ್ನೋದಕ್ಕೆ ಆಧಾರ ಬೇಕು, ಲಂಡನ್ನಿನಲ್ಲಾದ್ರೆ ಗೃಹ ಸಚಿವರ ಒಪ್ಪಿಗೆನೂ ಬೇಕು.

1968ನ್ನ ಮಾತ್ರ ಸ್ವಲ್ಪ ನಿಂತು ನೋಡ್ಬೇಕು. ಅವತ್ತಿನ ಪರದೇಶದ ಯುದ್ಧ ಅಂದ್ರೆ ವಿಯೆಟ್ನಾಂ. ಮಾರ್ಚ್‌ನಲ್ಲಿ ಅಮೆರಿಕನ್ ರಾಯಭಾರ ಕಚೇರಿ ಮುಂದೆ, ಗ್ರೋವ್ನರ್ ಸ್ಕ್ವೇರ್‌ನಲ್ಲಿ, ಕುದುರೆ ಪೊಲೀಸರಿಗೂ ಹುಡುಗರಿಗೂ ಜೋರು ಹೊಡೆದಾಟ ಆಗಿ 200ಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು. ಅಕ್ಟೋಬರ್ 27ಕ್ಕೆ ಇನ್ನೊಂದು ಮೆರವಣಿಗೆ ಅಂತ ಆದಾಗ ಪತ್ರಿಕೆಗಳು ವಾರಗಟ್ಟಲೆ ರಕ್ತಪಾತ ಆಗುತ್ತೆ, ಪೆಟ್ರೋಲ್ ಬಾಂಬ್ ತರ್ತಾರೆ ಅಂತ ಬರೆದ್ವು. ನಡೆದಿದ್ದು ಏನು ಅಂದ್ರೆ ಬಹುಪಾಲು ಜನ ಶಾಂತಿಯಿಂದ ಹೈಡ್ ಪಾರ್ಕ್‌ಗೆ ನಡ್ಕೊಂಡು ಹೋದ್ರು, ಬೇರೆಯಾದ ಒಂದು ಗುಂಪು ಮಾತ್ರ ಗ್ರೋವ್ನರ್ ಸ್ಕ್ವೇರ್‌ಗೆ ಹೋಗಿ ನೂಕಾಡ್ತು. ಮಾರನೇ ದಿನ ಪತ್ರಿಕೆಗಳಲ್ಲಿ ಎದ್ದು ಕಂಡಿದ್ದು ಮಾತ್ರ ಒಬ್ಬ ಪೊಲೀಸನ ಮುಖಕ್ಕೆ ಒದೀತಿರೋ ಫೋಟೋ. ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಆಮೇಲೆ ಇದನ್ನೇ ಅಧ್ಯಯನ ಮಾಡಿ ತೋರಿಸಿದ್ರು: ಪತ್ರಿಕೆ ಟೀವಿಯೋರು ಸುದ್ದಿ ಹಿಂಸೆ ಬಗ್ಗೆನೇ ಅಂತ ಮೊದಲೇ ತೀರ್ಮಾನ ಮಾಡ್ಕೊಂಡಿದ್ರು, ಆ ದಿನ ಆಗಿದ್ದನ್ನ ಆ ಅಚ್ಚಿಗೆ ಹೊಯ್ದ್ರು, ಹಿಂಸೆ ಇಲ್ಲ ಅನ್ನೋದೂ ಹಿಂಸೆಯ ಸುದ್ದಿಯಾಗೇ ಬಂತು.

ಅದೇ ವರ್ಷ ಪೊಲೀಸರು ಒಂದು ಗುಪ್ತ ದಳ ಕಟ್ಟಿದ್ರು. ಮಾರುವೇಷದ ಪೊಲೀಸರು ಚಳವಳಿಗಳ ಒಳಗೆ ವರ್ಷಗಟ್ಟಲೆ ಬದುಕಿದ್ರು, ಸತ್ತ ಮಕ್ಕಳ ಹೆಸರು ಇಟ್ಕೊಂಡ್ರು, ಕೆಲವರು ಹೆಣ್ಣುಮಕ್ಕಳನ್ನ ಪ್ರೀತಿ ಅಂತ ನಂಬಿಸಿ ಸಂಸಾರನೂ ಮಾಡಿದ್ರು. ದಳ ಮುಚ್ಚಿದ್ದು 2008ರಲ್ಲಿ. 2023ರಲ್ಲಿ ವಿಚಾರಣಾ ಆಯೋಗದ ಮಧ್ಯಂತರ ವರದಿ, ಈ ಮಾರ್ಗಕ್ಕೆ ಸಮರ್ಥನೆ ಇರ್ಲಿಲ್ಲ, ಜನಕ್ಕೆ ಆಗಲೇ ಗೊತ್ತಾಗಿದ್ರೆ ಬೇಗನೇ ಮುಚ್ಚಿಹೋಗ್ತಿತ್ತು ಅಂತ ಹೇಳ್ತು. 55 ವರ್ಷ ಆದ್ಮೇಲೆ!

2003ರಲ್ಲಿ ಇರಾಕ್ ಯುದ್ಧ ಬೇಡ ಅಂತ ಲಂಡನ್ನಿನಲ್ಲಿ ಪೊಲೀಸರ ಲೆಕ್ಕಕ್ಕೇ ಏಳೂವರೆ ಲಕ್ಷ ಜನ ನಡೆದ್ರು, ಯುದ್ಧ ಆಗೇ ಆಯ್ತು. 2009ರಲ್ಲಿ ಗಾಜಾ ಸಂತ್ರಸ್ತರಿಗೆ ದೇಣಿಗೆ ಕೇಳೋ ಮನವಿನ ಬಿಬಿಸಿ ಪ್ರಸಾರ ಮಾಡಲ್ಲ ಅಂತು, ನಿಷ್ಪಕ್ಷಪಾತಕ್ಕೆ ಧಕ್ಕೆ ಅಂತ ಕಾರಣ ಕೊಡ್ತು. 2014ರಲ್ಲಿ ಅಂಥದ್ದೇ ಮನವಿನ ಪ್ರಸಾರ ಮಾಡ್ತು. ಇದನ್ನ ಪ್ಯಾಲೆಸ್ಟೈನ್ ಪರ ಇರೋರು ಇವತ್ತಿಗೂ ಮರೆತಿಲ್ಲ. ಇಸ್ರೇಲ್ ಪರ ಇರೋರು ಮರೆಯದೇ ಇರೋದು 2004ರ ಬೇಲನ್ ವರದಿನ. ಬಿಬಿಸಿ ತನ್ನ ಮಧ್ಯಪ್ರಾಚ್ಯ ಸುದ್ದಿ ಬಗ್ಗೆ ತಾನೇ ಬರೆಸಿ, ಬಿಡುಗಡೆ ಮಾಡದೇ, ಸುಪ್ರೀಂ ಕೋರ್ಟ್ ತನಕ ಹೋರಾಡಿ 2012ರಲ್ಲಿ ಗೆದ್ದು ಮುಚ್ಚಿಟ್ಟ ವರದಿ ಅದು. ಏನಿದೆಯೋ ಅದನ್ನ ಜನರ ಮುಂದೆ ಇಟ್ಟಿದ್ರೆ ಇಷ್ಟು ಅನುಮಾನ ಬೆಳೀತಿರ್ಲಿಲ್ಲ ಅಂತ ನಂಗೆ ಅನ್ಸುತ್ತೆ.

ಇಷ್ಟು ಹೊತ್ತಿಗೆ ಕಾನೂನು ಬಿಗಿಯಾಗ್ತಾ ಬಂದಿತ್ತು, ಅದಕ್ಕೆ ಕಾರಣ ಗಾಜಾ ಅಲ್ಲ, ರಸ್ತೆಗೆ ಗೋಂದು ಹಚ್ಕೊಂಡು ಕೂರ್ತಿದ್ದ ಪರಿಸರ ಹೋರಾಟಗಾರರು. 2022ರ ಕಾಯ್ದೆ ಪ್ರಕಾರ ಸದ್ದು ಜಾಸ್ತಿ ಆದ್ರೂ ಪೊಲೀಸರು ಷರತ್ತು ಹಾಕಬಹುದು. 2023ರ ಕಾಯ್ದೆಗೆ ಸಹಿ ಬಿದ್ದಿದ್ದು ರಾಜ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ನಾಲ್ಕು ದಿನ ಮೊದಲು. ಆಮೇಲೆ 'ಗಂಭೀರ ಅಡಚಣೆ' ಅಂದ್ರೆ 'ಸಣ್ಣದಕ್ಕಿಂತ ಜಾಸ್ತಿ' ಅಂತ ಅರ್ಥ ಬದಲಾಯಿಸೋ ನಿಯಮನೂ ಬಂತು, ಅದನ್ನ 2024ರಲ್ಲಿ ಹೈಕೋರ್ಟು ಕಾನೂನುಬಾಹಿರ ಅಂತು. ಬೆಂಗಳೂರಿನೋರಿಗೆ ಇದು ಹೊಸದೇನಲ್ಲ, 2021ರ ಆದೇಶ ಬಂದ್ಮೇಲೆ ಇಲ್ಲಿ ಪ್ರತಿಭಟನೆ ಅಂದ್ರೆ ಫ್ರೀಡಂ ಪಾರ್ಕ್ ಒಳಗೇ ಮಾಡ್ಬೇಕು, ಎಮರ್ಜೆನ್ಸಿಲಿ ನಾಯಕರನ್ನ ಕೂಡಿಹಾಕಿದ್ದ ಹಳೇ ಜೈಲಿನ ಜಾಗ ಅದು.

ಇನ್ನು 2023ರ ಅಕ್ಟೋಬರ್ 7. ಹಮಾಸ್ ದಾಳಿಗೆ ಇಸ್ರೇಲಲ್ಲಿ ಸುಮಾರು 1,200 ಜನ ಸತ್ರು, 251 ಜನರನ್ನ ಒತ್ತೆ ಇಟ್ಕೊಂಡು ಹೋದ್ರು. ಗಾಜಾ ಮೇಲೆ ಬಾಂಬ್ ದಾಳಿ ಶುರುವಾಯ್ತು. ಮೂರನೇ ದಿನವೇ ಬ್ರಿಟನ್ನಿನ ಗೃಹ ಸಚಿವೆ ಸುಯೆಲಾ ಬ್ರಾವರ್ಮನ್ ಪೊಲೀಸ್ ಮುಖ್ಯಸ್ಥರಿಗೆ ಪತ್ರ ಬರೆದು, ಪ್ಯಾಲೆಸ್ಟೈನ್ ಬಾವುಟ ಬೀಸೋದೂ ಕೆಲವು ಸಂದರ್ಭದಲ್ಲಿ ಅಪರಾಧ ಆಗಬಹುದು ಅಂದ್ರು. ವಾರ ವಾರ ಮೆರವಣಿಗೆ ನಡೆದ್ವು. ಹೆಚ್ಚಿನೋರು ಮಕ್ಕಳನ್ನ ಕರ್ಕೊಂಡು ಬಂದ ಸಾಮಾನ್ಯ ಜನ. ಆದ್ರೆ ಯಹೂದಿಗಳ ಭಯ ಸುಳ್ಳಲ್ಲ, ದ್ವೇಷದ ಫಲಕ ಹಿಡಿದು ಬಂದೋರೂ ಇದ್ರು, ಮತ್ತೆ ಆ ವರ್ಷ ಯಹೂದಿಗಳ ಸುರಕ್ಷತೆ ನೋಡ್ಕೊಳ್ಳೋ ಸಿಎಸ್‌ಟಿ ಅನ್ನೋ ಸಂಸ್ಥೆ ದಾಖಲು ಮಾಡಿದ ಯಹೂದಿ ದ್ವೇಷದ ಘಟನೆ 4,000ಕ್ಕೂ ಹೆಚ್ಚು, ಅಲ್ಲಿವರೆಗೆ ಯಾವ ವರ್ಷವೂ ಅಷ್ಟಾಗಿರ್ಲಿಲ್ಲ. ಯಹೂದಿ ಸ್ಕೂಲಿನ ಮಗು ಅಂತ ಗೊತ್ತಾಗದ ಹಾಗೆ ಯೂನಿಫಾರ್ಮ್ ಮೇಲೆ ಬೇರೆ ಜಾಕೆಟ್ ಹಾಕಿ ಕಳಿಸೋ ತಾಯಿಗೆ, ಮೆರವಣಿಗೆ ಶಾಂತವಾಗಿತ್ತು ಅಂತ ಹೇಳಿದ್ರೆ ಧೈರ್ಯ ಬರಲ್ಲ.

ನವೆಂಬರ್ 11ರ ಶನಿವಾರ ಎಲ್ಲಾ ಒಟ್ಟಿಗೆ ಬಂತು. ಅದು ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿನ ದಿನ, ಬೆಳಿಗ್ಗೆ 11ಕ್ಕೆ ದೇಶವೆಲ್ಲಾ ಎರಡು ನಿಮಿಷ ಮೌನ. ಮೆರವಣಿಗೆಯೋರು ಹೊರಡ್ತೀವಿ ಅಂದಿದ್ದು ಮಧ್ಯಾಹ್ನ, ಹೈಡ್ ಪಾರ್ಕ್‌ನಿಂದ ವಾಕ್ಸ್‌ಹಾಲ್ ಸೇತುವೆ ದಾಟಿ ಅಮೆರಿಕನ್ ಎಂಬಸಿಗೆ. ನಮ್ಮ ಬಸವಣ್ಣನ ಪುತ್ಥಳಿ ನಿಂತಿರೋ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಗೊತ್ತಿರೋರಿಗೆ ಸುಲಭವಾಗಿ ಅರ್ಥ ಆಗುತ್ತೆ, ಆ ಸೇತುವೆ ಅದೇ ದಂಡೆ ಮೇಲೆ ಸ್ವಲ್ಪ ಮುಂದೆ. ಆ ಸೈನಿಕರ ಸ್ಮಾರಕ ಇರೋ ವೈಟ್‌ಹಾಲ್ ಕಡೆ ದಾರಿ ಹೋಗೋದೇ ಇಲ್ಲ. ಆದ್ರೂ ಇಡೀ ವಾರ ಚರ್ಚೆ ಆಗಿದ್ದು ಸ್ಮಾರಕಕ್ಕೆ ಅವಮಾನ ಆಗುತ್ತಾ ಅಂತ. ಸಚಿವೆ ಇವನ್ನ 'ದ್ವೇಷದ ಮೆರವಣಿಗೆ' ಅಂತ ಕರೆದಾಗಿತ್ತು. ಪೊಲೀಸ್ ಕಮಿಷನರ್ ಮಾರ್ಕ್ ರೌಲಿ ಮಾತ್ರ, ನಮ್ಮ ಹತ್ರ ಇರೋ ಗುಪ್ತಚರ ಮಾಹಿತಿ ಬ್ಯಾನ್ ಮಾಡೋ ಮಟ್ಟಕ್ಕೆ ಇಲ್ಲ, ಕಾನೂನು ಇರೋದೇ ಹಾಗೆ ಅಂದ್ರು. ಮಾರನೇ ದಿನ ಟೈಮ್ಸ್ ಪತ್ರಿಕೆಲಿ ಸಚಿವೆ ಲೇಖನ ಬರೆದು, ಪೊಲೀಸರು ಕೆಲವು ಪ್ರತಿಭಟನಾಕಾರರಿಗೆ ಒಲವು ತೋರಿಸ್ತಾರೆ ಅಂತ ಆರೋಪ ಮಾಡಿದ್ರು.

ಆ ದಿನ ಪೊಲೀಸರ ಅಂದಾಜಿಗೆ ಮೂರು ಲಕ್ಷ ಜನ ನಡೆದ್ರು. ಬೆಳಿಗ್ಗೆ ಮೌನಕ್ಕೆ ಸ್ವಲ್ಪ ಮೊದಲು ಸ್ಮಾರಕದ ಹತ್ರ ಪೊಲೀಸರ ಸಾಲು ಮುರಿದು ನುಗ್ಗಿದ್ದು ಅದನ್ನ ಕಾಯ್ತೀವಿ ಅಂತ ಬಂದಿದ್ದ ಬಲಪಂಥೀಯ ಗುಂಪು. ಒಂಬತ್ತು ಪೊಲೀಸರಿಗೆ ಏಟಾಯ್ತು. 126 ಅರೆಸ್ಟ್, ಬಹುಪಾಲು ಆ ಗುಂಪಿನೋರೇ. ಮೆರವಣಿಗೆ ಕಡೆಯಿಂದನೂ ಸುಮಾರು 150 ಜನ ಮುಖ ಮುಚ್ಕೊಂಡು ಬೇರೆಯಾಗಿ ಪಟಾಕಿ ಹೊಡೆದ್ರು, ಅದನ್ನ ಬಿಟ್ಟು ಹೇಳೋದು ಸರಿಯಲ್ಲ. ಎರಡು ದಿನಕ್ಕೆ ಸಚಿವೆ ಹುದ್ದೆ ಹೋಯ್ತು. 1968ರ ಅಕ್ಟೋಬರ್‌ನ ಅಧ್ಯಯನ ಓದಿದೋರಿಗೆ ಈ ವಾರ ಹೊಸದು ಅನ್ಸಲ್ಲ: ಎಲ್ಲರ ಕಣ್ಣು ಎಲ್ಲಿ ನೆಟ್ಟಿತ್ತೋ ಅಪಾಯ ಅಲ್ಲಿಂದ ಬರ್ಲಿಲ್ಲ.

ಮಾಧ್ಯಮದ ವಿಷಯ ಇಷ್ಟು ಸರಳ ಇಲ್ಲ. ಹಮಾಸ್‌ನ ಬಿಬಿಸಿ ತಾನಾಗಿ ಭಯೋತ್ಪಾದಕರು ಅಂತ ಕರೆಯಲ್ಲ ಅಂತ ಒಂದು ಸಿಟ್ಟು. ಗಾಜಾದ ಅಲ್ ಅಹ್ಲಿ ಆಸ್ಪತ್ರೆಲಿ ಸ್ಫೋಟ ಆದ ರಾತ್ರಿ ಬಿಬಿಸಿ ವರದಿಗಾರ ಲೈವಲ್ಲೇ ಇದು ಇಸ್ರೇಲಿನದೇ ಇರ್ಬೇಕು ಅನ್ನೋ ಅರ್ಥದಲ್ಲಿ ಊಹೆ ಮಾಡಿದ, ಊಹೆ ಮಾಡಿದ್ದು ತಪ್ಪು ಅಂತ ಬಿಬಿಸಿನೇ ಒಪ್ಕೊಳ್ತು. 2025ರ ಫೆಬ್ರವರಿಲಿ ಒಂದು ಗಾಜಾ ಡಾಕ್ಯುಮೆಂಟರಿನ ವಾಪಸ್ ತಗೊಂಡ್ರು, ಕತೆ ಹೇಳಿದ ಹುಡುಗನ ಅಪ್ಪ ಹಮಾಸ್ ಸರ್ಕಾರದ ಉಪ ಸಚಿವ ಅಂತ ಗೊತ್ತಾಯ್ತು. ಜೂನ್‌ನಲ್ಲಿ ಗಾಜಾ ಡಾಕ್ಟರುಗಳ ಬಗ್ಗೆ ಮಾಡಿಸಿದ್ದ ಇನ್ನೊಂದನ್ನ ಕೈಬಿಟ್ರು, ಚಾನೆಲ್ 4 ಅದನ್ನ ತೋರಿಸ್ತು. ಮೊದಲನೆಯದು ಒಂದು ಕಡೆಯೋರಿಗೆ ಪುರಾವೆ, ಎರಡನೆಯದು ಇನ್ನೊಂದು ಕಡೆಯೋರಿಗೆ. ಈ ಜಗಳದಲ್ಲಿ ಮರೆತೇ ಹೋಗೋ ಸಂಗತಿ, ಇಸ್ರೇಲ್ ವಿದೇಶಿ ಪತ್ರಕರ್ತರನ್ನ ಸ್ವತಂತ್ರವಾಗಿ ಗಾಜಾ ಒಳಗೆ ಬಿಡ್ಲೇ ಇಲ್ಲ, ಸುದ್ದಿ ತಂದಿದ್ದೆಲ್ಲಾ ಅಲ್ಲಿನ ಪತ್ರಕರ್ತರು, ಜೀವ ಕೊಟ್ಟು.

ಪ್ರತಿಭಟನೆ, ಪೊಲೀಸು, ಮಾಧ್ಯಮ ಮೂರೂ ಒಂದೇ ರಸ್ತೆಲಿ ಎದುರಾಗಿದ್ದು 2025ರ ಜನವರಿ 18ಕ್ಕೆ. ಮೆರವಣಿಗೆಯೋರು ಬಿಬಿಸಿ ಕಚೇರಿ ಮುಂದಿಂದ ಹೊರಡ್ತೀವಿ ಅಂದ್ರು. ಹತ್ರದಲ್ಲೇ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, ಅವತ್ತು ಶನಿವಾರದ ಸಬ್ಬತ್ ಪ್ರಾರ್ಥನೆ, ಆಗಲ್ಲ ಅಂತ ಪೊಲೀಸರು ಷರತ್ತು ಹಾಕಿ ವೈಟ್‌ಹಾಲ್‌ನಲ್ಲಿ ಸೇರೋಕೆ ಮಾತ್ರ ಬಿಟ್ರು. ಕೈಲಿ ಹೂವು ಹಿಡ್ಕೊಂಡ ಒಂದು ಗುಂಪು ಟ್ರಫಾಲ್ಗರ್ ಸ್ಕ್ವೇರ್ ಕಡೆ ಹೋಯ್ತು. ಸಾಲು ಮುರಿದು ನುಗ್ಗಿದ್ರು ಅಂದ್ರು ಪೊಲೀಸರು. ಅವರೇ ದಾರಿ ಬಿಟ್ರು, ಆಮೇಲೆ ಹಿಡಿದ್ರು ಅಂದ್ರು ಹೋದೋರು. 77 ಅರೆಸ್ಟ್. ಎರಡು ಮಾತಿಗೂ ಒಂದೊಂದು ವಿಡಿಯೋ ಇದೆ, ಎಲ್ಲಿಂದ ಶುರು ಮಾಡಿ ಎಲ್ಲಿಗೆ ಕತ್ತರಿಸಿದ್ದಾರೆ ಅನ್ನೋದರ ಮೇಲೆ ಸತ್ಯ ಬದಲಾಗುತ್ತೆ.

ಜೂನ್‌ನಲ್ಲಿ ಪ್ಯಾಲೆಸ್ಟೈನ್ ಆ್ಯಕ್ಷನ್‌ನೋರು ಬ್ರೈಜ್ ನಾರ್ಟನ್ ವಾಯುನೆಲೆಗೆ ನುಗ್ಗಿ ಎರಡು ವಿಮಾನಕ್ಕೆ ಕೆಂಪು ಬಣ್ಣ ಎರಚಿದ್ರು. ಸರ್ಕಾರ ಇನ್ನೆರಡು ಹಿಂಸಕ ಸಂಘಟನೆಗಳ ಜೊತೆ ಅದನ್ನೂ ಒಂದೇ ಆದೇಶದಲ್ಲಿ ಸೇರಿಸಿ ಬ್ಯಾನ್ ಮಾಡ್ತು. ಬೇರೆ ಬೇರೆ ಮಾಡಿ ಮತ ಹಾಕೋ ಅವಕಾಶ ಸಂಸದರಿಗೆ ಇರ್ಲಿಲ್ಲ, 385ಕ್ಕೆ 26. ವಾಯುನೆಲೆಗೆ ನುಗ್ಗೋದು ಅಪರಾಧ, ಅದಕ್ಕೆ ಶಿಕ್ಷೆ ಆಗ್ಲಿ. ರಟ್ಟು ಹಿಡಿದ 80ರ ಅಜ್ಜಿನ ಅದೇ ಕಾಯ್ದೆಗೆ ತಂದಿದ್ದು ಹೇಗೆ ಅನ್ನೋದು ನಂಗೆ ಇನ್ನೂ ಜೀರ್ಣ ಆಗಿಲ್ಲ.

ಅಕ್ಟೋಬರ್ 2ಕ್ಕೆ, ಯಹೂದಿಗಳಿಗೆ ಅತಿ ಪವಿತ್ರವಾದ ಯೋಮ್ ಕಿಪ್ಪೂರ್ ದಿನ, ಮ್ಯಾಂಚೆಸ್ಟರ್‌ನ ಸಿನಗಾಗ್ ಮೇಲೆ ದಾಳಿ ಆಗಿ ಪ್ರಾರ್ಥನೆಗೆ ಬಂದಿದ್ದ ಇಬ್ಬರು ಸತ್ರು. ಎರಡೇ ದಿನಕ್ಕೆ ಲಂಡನ್ನಿನಲ್ಲಿ ಮತ್ತೆ ರಟ್ಟು ಹಿಡಿದು ಕೂರ್ಬೇಡಿ, ಸ್ವಲ್ಪ ತಡೀರಿ ಅಂತ ಪೊಲೀಸರು, ಸರ್ಕಾರ ಎಲ್ಲಾ ಕೇಳ್ಕೊಂಡ್ರು. ಅವರು ಕೂತ್ರು, ಸುಮಾರು 490 ಅರೆಸ್ಟ್. ಶೋಕದ ಮನೆ ಎದುರು ಎರಡು ದಿನ ತಡೆಯೋಕಾಗ್ಲಿಲ್ವಾ ಅಂತ ನಂಗೂ ಅನ್ಸಿತ್ತು. ಮಾರನೇ ದಿನ ಆಗ ಹೊಸದಾಗಿ ಗೃಹ ಸಚಿವೆ ಆಗಿದ್ದ ಶಬಾನಾ ಮಹಮೂದ್, ಒಂದೇ ಜಾಗದಲ್ಲಿ ಪದೇ ಪದೇ ನಡೆಯೋ ಪ್ರತಿಭಟನೆಯಿಂದ ಒಟ್ಟಾರೆ ಆಗೋ ತೊಂದರೆನ ಲೆಕ್ಕ ಹಾಕಿ, ಬೇರೆ ಕಡೆ ಹೋಗಿ ಅನ್ನೋ ಅಧಿಕಾರನ ಪೊಲೀಸರಿಗೆ ಕೊಡ್ತೀವಿ ಅಂದ್ರು. ಎಷ್ಟನೇ ಸಲಕ್ಕೆ 'ಪದೇ ಪದೇ' ಆಗುತ್ತೆ ಅನ್ನೋದನ್ನ ಎಣಿಸೋ ಕೆಲಸ ಇನ್ಮೇಲೆ ಪ್ರತಿ ಶನಿವಾರದ ಬಂದೋಬಸ್ತಿನ ಅಧಿಕಾರಿ ಮೇಲೆ ಬೀಳುತ್ತೆ.