ಕಾರ್ಖಾನೆ ಅವಘಡ: ಮಾಲೀಕರ ಹೊಣೆ ಕಾನೂನಿನಲ್ಲಿ ಬೆಳೆದ ಬಗೆ

1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ, ಸುರಕ್ಷತಾ ನಿಯಮ ಮುರಿದ ಕಾರ್ಖಾನೆಗೆ ಕಾರ್ಖಾನೆಗಳ ಕಾಯ್ದೆಯಡಿ ಇದ್ದ ಸಾಮಾನ್ಯ ಶಿಕ್ಷೆ ಹೆಚ್ಚೆಂದರೆ ಮೂರು ತಿಂಗಳ ಸೆರೆವಾಸ, 2,000 ರೂಪಾಯಿ ದಂಡ. 1948ರಲ್ಲಿ ಕಾಯ್ದೆ ಬಂದಾಗ ದಂಡದ ಮಿತಿ 500 ರೂಪಾಯಿ ಇತ್ತು. 1976ರ ತಿದ್ದುಪಡಿ ಅದನ್ನು 2,000ಕ್ಕೆ ಏರಿಸಿತ್ತು. ಯಂತ್ರಕ್ಕೆ ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ರಕ್ಷಣಾ ಕವಚ) ಹಾಕಿಸುವುದಕ್ಕಿಂತ ದಂಡ ಕಟ್ಟುವುದೇ ಅಗ್ಗ ಎಂಬ ಲೆಕ್ಕಾಚಾರಕ್ಕೆ ಕಾನೂನೇ ದಾರಿ ಮಾಡಿಕೊಟ್ಟಿತ್ತು.

1987ರ ತಿದ್ದುಪಡಿ ಈ ಲೆಕ್ಕ ಬದಲಿಸಿತು. ಸಾಮಾನ್ಯ ಉಲ್ಲಂಘನೆಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಸುರಕ್ಷತಾ ಲೋಪದಿಂದ ಸಾವಾದರೆ ದಂಡ 25,000ಕ್ಕಿಂತ ಕಡಿಮೆ ಆಗುವಂತಿರಲಿಲ್ಲ. ಅಪಾಯಕಾರಿ ಪ್ರಕ್ರಿಯೆಗಳ ನಿಯಮ ಮುರಿದರೆ ಏಳು ವರ್ಷದವರೆಗೆ ಸೆರೆ. ದಂಡದ ಮೊತ್ತಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿತ್ತು. ಕಾಯ್ದೆ ಹೊಣೆ ಹೊರಿಸುವ ‘ಆಕ್ಯುಪೈಯರ್’ (ಕಾರ್ಖಾನೆಯ ಮೇಲೆ ಅಂತಿಮ ಹಿಡಿತ ಇರುವವರು) ಸ್ಥಾನದಲ್ಲಿ ಕಂಪನಿಗಳು ಅಲ್ಲಿಯವರೆಗೆ ಯಾರೋ ಅಧಿಕಾರಿಯ ಹೆಸರು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹೊಸ ವ್ಯಾಖ್ಯಾನ ಆ ಜಾಗದಲ್ಲಿ ನಿರ್ದೇಶಕರನ್ನೇ ನಿಲ್ಲಿಸಿತು. ಇದನ್ನು ಪ್ರಶ್ನಿಸಿದ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ, ಕಂಪನಿಯಾದರೆ ನಿರ್ದೇಶಕರೊಬ್ಬರೇ ಆಕ್ಯುಪೈಯರ್ ಆಗಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿಯಿತು.

ಅದೇ ವರ್ಷ ಅದೇ ನ್ಯಾಯಾಲಯ ಭೋಪಾಲ ಪ್ರಕರಣದ ಆರೋಪವನ್ನು ಕೊಲೆಯಲ್ಲದ ನರಹತ್ಯೆಯಿಂದ ನಿರ್ಲಕ್ಷ್ಯದ ಸಾವಿಗೆ ಇಳಿಸಿತು. 2010ರಲ್ಲಿ ತೀರ್ಪು ಬಂದಾಗ ಕಂಪನಿಯ ಭಾರತೀಯ ಅಧಿಕಾರಿಗಳಿಗೆ ಆದದ್ದು ಎರಡು ವರ್ಷದ ಸೆರೆ. ಸಾವಿರಾರು ಜನ ಸತ್ತ ದುರಂತಕ್ಕೆ ಇದು ನ್ಯಾಯ ಎನ್ನಲು ಮನಸ್ಸು ಒಪ್ಪದು.

ದಿನನಿತ್ಯದ ಅವಘಡಗಳಲ್ಲಿ ಕೇಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂಬುದಕ್ಕೆ ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರವಾದ ಪವರ್ ಪ್ರೆಸ್ ಒಳ್ಳೆಯ ಉದಾಹರಣೆ. ಡೈ (ಅಚ್ಚು) ನಡುವೆ ತಗಡು ಸಿಕ್ಕಿಕೊಂಡಾಗ ಬಿಡಿಸಲು ಗಾರ್ಡ್ ಕಳಚುತ್ತಾರೆ. ಉತ್ಪಾದನೆ ನಿಧಾನವಾಗುತ್ತದೆಂದು ಮತ್ತೆ ಹಾಕುವುದಿಲ್ಲ. ಕೈ ಒಳಗಿರುವಾಗಲೇ ಯಾರೋ ಪೆಡಲ್ ಒತ್ತಿದರೆ ಬೆರಳು ಹೋಯಿತು. ‘ಕಾರ್ಮಿಕನೇ ಗಾರ್ಡ್ ತೆಗೆದ’ ಎಂಬುದು ಮಾಲೀಕರ ಮೊದಲ ಉತ್ತರ. ಆದರೆ ಯಂತ್ರ ಚಲಿಸುತ್ತಿರುವಷ್ಟು ಹೊತ್ತೂ ಗಾರ್ಡ್ ತನ್ನ ಜಾಗದಲ್ಲಿರಬೇಕು ಎನ್ನುತ್ತಿತ್ತು 1948ರ ಕಾಯ್ದೆಯ 21ನೇ ಸೆಕ್ಷನ್. 101ನೇ ಸೆಕ್ಷನ್‌ನಡಿ ಪಾರಾಗಬೇಕಾದರೆ ನಿಜವಾದ ತಪ್ಪಿತಸ್ಥರನ್ನು ತೋರಿಸುವುದರ ಜೊತೆಗೆ, ತಾವು ತಕ್ಕ ಎಚ್ಚರ ವಹಿಸಿದ್ದೆವು ಎಂದು ಮಾಲೀಕರೇ ಸಾಬೀತು ಮಾಡಬೇಕಿತ್ತು. ತರಬೇತಿಯ ದಾಖಲೆ, ನಿರ್ವಹಣಾ ಪುಸ್ತಕ, ಗಾರ್ಡ್ ತೆರೆದರೆ ಪ್ರೆಸ್ ತಾನಾಗಿ ನಿಲ್ಲುವ ಇಂಟರ್‌ಲಾಕ್ ಇಲ್ಲದೆ, ಬಾಯಿಮಾತಿನ ಎಚ್ಚರಿಕೆಯಿಂದ ಇದನ್ನು ಸಾಧಿಸುವುದು ಕಷ್ಟ.

ಕಾರ್ಮಿಕರ ಪಾಲಿಗೆ ಅಡ್ಡಿಯಾದದ್ದು ಬೇರೆ. ನ್ಯಾಯಾಲಯಕ್ಕೆ ದೂರು ಕೊಡುವ ಅಧಿಕಾರ ಕಾರ್ಖಾನೆಗಳ ಇನ್ಸ್‌ಪೆಕ್ಟರ್‌ಗೆ ಅಥವಾ ಅವರ ಲಿಖಿತ ಅನುಮತಿ ಪಡೆದವರಿಗೆ ಮಾತ್ರ ಇತ್ತು. ಅದೂ ವಿಷಯ ಗೊತ್ತಾದ ಮೂರು ತಿಂಗಳೊಳಗೆ. ತನಿಖೆ ಎಳೆದಾಡಿದರೆ ಗಟ್ಟಿ ಪ್ರಕರಣವೂ ಅವಧಿ ಮೀರಿ ಸತ್ತುಹೋಗುತ್ತಿತ್ತು.

ಪರಿಹಾರದ ದಾರಿ ಪ್ರತ್ಯೇಕ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಡಿ ತಪ್ಪು ಯಾರದೆಂದು ಸಾಬೀತು ಮಾಡಬೇಕಾಗಿರಲಿಲ್ಲ. ಒಂದು ತಿಂಗಳೊಳಗೆ ಹಣ ಕೊಡದಿದ್ದರೆ ಶೇ 12 ಬಡ್ಡಿ. ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ. ಆ ದಂಡವನ್ನು ಮಾಲೀಕರೇ ತೆರಬೇಕು, ವಿಮಾ ಕಂಪನಿಯಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

2025ರ ನವೆಂಬರ್ 21ರಿಂದ ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದೆ. ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಸೆರೆ ಅಥವಾ ಕನಿಷ್ಠ ಐದು ಲಕ್ಷ ದಂಡ, ಇಲ್ಲವೇ ಎರಡೂ. ತೀವ್ರ ಗಾಯವಾದರೆ ಒಂದು ವರ್ಷದವರೆಗೆ ಸೆರೆ ಅಥವಾ ಎರಡರಿಂದ ನಾಲ್ಕು ಲಕ್ಷ ದಂಡ, ಇಲ್ಲವೇ ಎರಡೂ. ದಂಡದ ಅರ್ಧದಷ್ಟನ್ನಾದರೂ ಸಂತ್ರಸ್ತರಿಗೆ ಅಥವಾ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ನಿರ್ಲಕ್ಷ್ಯದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಐದು ವರ್ಷದವರೆಗೆ ಸೆರೆ ವಿಧಿಸುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಅದು ಎರಡೇ ವರ್ಷ ಇತ್ತು.

ಆದರೆ ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಹಿಂದೆ ಹತ್ತು ಕಾರ್ಮಿಕರಿದ್ದರೆ ಸಾಕಿತ್ತು. ಈಗ ಇಪ್ಪತ್ತು ಬೇಕು. ಹದಿನೈದು ಜನ ದುಡಿಯುವ ಪ್ರೆಸ್ ಶೆಡ್‌ಗೆ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ, ಕಾರ್ಖಾನೆಗೆಂದೇ ಇರುವ ವಿಶೇಷ ನಿಯಮಗಳು ಅನ್ವಯಿಸುವುದಿಲ್ಲ.