ಬಿಂಜ್ ಡ್ರಿಂಕಿಂಗ್ ಮತ್ತು ಮೆದುಳು: ವಯಸ್ಸು, ಗಂಡು-ಹೆಣ್ಣು ವ್ಯತ್ಯಾಸದ ನೋಟ್ಸ್

ಬಿಂಜ್ ಅಂದ್ರೆ ಒಂದೇ ಸಲಕ್ಕೆ ಜಾಸ್ತಿ ಕುಡಿಯೋದು. ಈ ಟಾಪಿಕ್ ಓದೋಕೆ ಮುಂಚೆ ಅಳತೆ ಸರಿ ಮಾಡ್ಕೊಳಿ, ಯಾಕಂದ್ರೆ ಟೆಕ್ಸ್ಟ್‌ಬುಕ್‌ನಲ್ಲಿ ಬರೋ "ಡ್ರಿಂಕ್" ನಮ್ಮ ಕಡೆ ಗ್ಲಾಸಿಗೆ ಹೊಂದಲ್ಲ. ಅಮೆರಿಕದಲ್ಲಿ ಒಂದು ಡ್ರಿಂಕ್ ಅಂದ್ರೆ 14 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಒಂದು ಯೂನಿಟ್ ಅಂತ ಹಿಡಿಯೋದು ಸುಮಾರು 10 ಗ್ರಾಂ, ಅಂದ್ರೆ 30 ಎಂಎಲ್ ವಿಸ್ಕಿ ಅಥವಾ ರಮ್. ಅಮೆರಿಕದ ಎನ್‌ಐಎಎಎ (ಆಲ್ಕೋಹಾಲ್ ಬಗ್ಗೆ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ) ಪ್ರಕಾರ ರಕ್ತದಲ್ಲಿ 100 ಎಂಎಲ್‌ಗೆ 80 ಮಿಲಿಗ್ರಾಂ ಆಲ್ಕೋಹಾಲ್ ಮುಟ್ಟೋ ಹಾಗೆ ಕುಡಿದ್ರೆ ಅದು ಬಿಂಜ್, ಸಾಮಾನ್ಯವಾಗಿ ಎರಡು ಗಂಟೆ ಒಳಗೆ ಗಂಡಸರಿಗೆ 5 ಡ್ರಿಂಕ್, ಹೆಂಗಸರಿಗೆ 4. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಬೇರೆ ಥರ ಅಳೆಯತ್ತೆ, ಒಂದೇ ಸಲ 60 ಗ್ರಾಂ ಅಥವಾ ಜಾಸ್ತಿ. ಈಗ ನಮ್ಮ 180 ಎಂಎಲ್ ಕ್ವಾರ್ಟರ್ ತಗೊಳಿ, ಲೇಬಲ್ ಮೇಲೆ 42.8 ಪರ್ಸೆಂಟ್ ಅಂತ ಇರತ್ತೆ, ಅಂದ್ರೆ 77 ಎಂಎಲ್ ಆಲ್ಕೋಹಾಲ್, ಅದನ್ನ ಸಾಂದ್ರತೆ 0.789 ಇಂದ ಗುಣಿಸಿದ್ರೆ 60 ಗ್ರಾಂ ಮೇಲೆ ಬರತ್ತೆ. ಒಂದು ಕ್ವಾರ್ಟರ್ ಒಂದೇ ಸಲಕ್ಕೆ ಮುಗಿಸಿದ್ರೆ ಬಿಂಜ್ ಆಯ್ತು, ಅಷ್ಟೇ. 8 ಪರ್ಸೆಂಟ್ ಸ್ಟ್ರಾಂಗ್ ಬಿಯರ್ ಆದ್ರೆ 650 ಎಂಎಲ್ ಬಾಟ್ಲಿಲಿ ಸುಮಾರು 41 ಗ್ರಾಂ, ಒಂದೂವರೆ ಬಾಟ್ಲಿಗೆ ಅದೇ ಗಡಿ. "ನಾನು ದಿನಾ ಕುಡಿಯಲ್ಲ, ವಾರಕ್ಕೊಂದ್ಸಲ ಕ್ವಾರ್ಟರ್ ಅಷ್ಟೇ" ಅನ್ನೋರನ್ನ ನಾವು ಕುಡುಕರ ಲೆಕ್ಕಕ್ಕೇ ತಗೊಳಲ್ಲ, ಆದ್ರೆ ಈ ನೋಟ್ಸ್ ಪೂರ್ತಿ ಇರೋದು ಅವರ ಬಗ್ಗೆನೇ.

ಅದೇ ಕ್ವಾರ್ಟರ್ ಎಲ್ಲರ ರಕ್ತದಲ್ಲೂ ಒಂದೇ ಮಟ್ಟಕ್ಕೆ ಏರಲ್ಲ. ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ಕೊಟ್ಟ ಸೂತ್ರ ಇವತ್ತಿಗೂ ಬಳಸ್ತಾರೆ: ದೇಹದ ತೂಕವನ್ನ (ಕೆಜಿ) ಒಂದು ಫ್ಯಾಕ್ಟರ್‌ನಿಂದ ಗುಣಿಸಿ, ಕುಡಿದ ಗ್ರಾಂಗಳನ್ನ ಅದರಿಂದ ಭಾಗಿಸಿ, ಬಂದಿದ್ದನ್ನ 100ರಿಂದ ಗುಣಿಸಿದ್ರೆ 100 ಎಂಎಲ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಅಂತ ಸಿಗತ್ತೆ. ಫ್ಯಾಕ್ಟರ್ ಗಂಡಸರಿಗೆ ಸುಮಾರು 0.68, ಹೆಂಗಸರಿಗೆ 0.55, ಯಾಕಂದ್ರೆ ಆಲ್ಕೋಹಾಲ್ ನೀರಲ್ಲಿ ಹರಡತ್ತೆ, ಕೊಬ್ಬಿಗೆ ಅಷ್ಟಾಗಿ ಹೋಗಲ್ಲ, ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಸ್ವಲ್ಪ ಕಮ್ಮಿ. 70 ಕೆಜಿ ಗಂಡಸು, 55 ಕೆಜಿ ಹೆಂಗಸು ಇಬ್ರೂ 60 ಗ್ರಾಂ ಕುಡಿದು ಎರಡು ಗಂಟೆ ಆಯ್ತು ಅನ್ಕೊಳಿ, ಗಂಟೆಗೆ 15 ಮಿಲಿಗ್ರಾಂ ಇಳಿಯತ್ತೆ ಅಂತ ಕಳೆದ್ರೆ ಗಂಡಸಿಗೆ ಅಂದಾಜು 95, ಹೆಂಗಸಿಗೆ 165ರ ಮೇಲೆ. ಒಮ್ಮೆ ಪೆನ್ನು ಹಿಡಿದು ನೀವೇ ಮಾಡಿ ನೋಡಿ, ಹತ್ತತ್ರ ಡಬಲ್. ನಮ್ಮ ದೇಶದಲ್ಲಿ ಗಾಡಿ ಓಡಿಸೋ ಮಿತಿ 30, ಇಬ್ರೂ ಅದನ್ನ ಯಾವಾಗಲೋ ದಾಟಿರ್ತಾರೆ.

ಆ 165 ಯಾಕೆ ಮುಖ್ಯ ಅಂದ್ರೆ ಬ್ಲ್ಯಾಕೌಟ್ ಸಾಮಾನ್ಯವಾಗಿ ಶುರುವಾಗೋದು 160ರ ಆಸುಪಾಸಲ್ಲಿ. ಬ್ಲ್ಯಾಕೌಟ್ ಬೇರೆ, ಪ್ರಜ್ಞೆ ತಪ್ಪೋದು ಬೇರೆ, ಎಕ್ಸಾಮ್‌ನಲ್ಲಿ ತುಂಬ ಜನ ಇದನ್ನ ಕಲಸ್ತಾರೆ. ಬ್ಲ್ಯಾಕೌಟ್‌ನಲ್ಲಿ ಮನುಷ್ಯ ಎದ್ದೇ ಇರ್ತಾನೆ, ಮಾತಾಡ್ತಾನೆ, ಗಾಡಿನೂ ತೆಗಿತಾನೆ, ಆದ್ರೆ ನೆನಪು ದಾಖಲಿಸೋ ಮೆದುಳಿನ ಭಾಗ ಹಿಪ್ಪೋಕ್ಯಾಂಪಸ್ ಆ ಹೊತ್ತಿಂದು ಏನೂ ಬರ್ಕೊಂಡಿರಲ್ಲ, ಹಾಗಾಗಿ ಬೆಳಗ್ಗೆ ಎಷ್ಟು ನೆನಪಿಸಿದ್ರೂ ಬರಲ್ಲ, ಒಳಗೆ ಇದ್ರೆ ತಾನೆ ಬರೋದು. ಕಾರಣ ಆಲ್ಕೋಹಾಲ್ ನರಕೋಶಗಳನ್ನ ಚುರುಕು ಮಾಡೋ ಸಿಗ್ನಲ್ ಗ್ಲುಟಮೇಟ್‌ನ ಎನ್‌ಎಂಡಿಎ ರಿಸೆಪ್ಟರ್‌ಗಳನ್ನ (ಆ ಸಿಗ್ನಲ್ ಹಿಡಿಯೋ ಜಾಗ) ಅಡ್ಡಗಟ್ಟತ್ತೆ, ಜೊತೆಗೆ ಗಾಬಾ ಅನ್ನೋ ಶಮನ ಮಾಡೋ ಸಿಗ್ನಲ್‌ನ ಹೆಚ್ಚಿಸತ್ತೆ, ಹೊಸ ನೆನಪು ಗಟ್ಟಿಯಾಗೋಕೆ ಬೇಕಾದ ಎಲ್‌ಟಿಪಿ (ನರಕೋಶಗಳ ನಡುವಿನ ಕೊಂಡಿ ಬಲವಾಗೋದು) ನಡೆಯೋದೇ ಇಲ್ಲ. ಎಷ್ಟು ಏರ್ತು ಅನ್ನೋದರಷ್ಟೇ ಎಷ್ಟು ಬೇಗ ಏರ್ತು ಅನ್ನೋದೂ ಇಲ್ಲಿ ಲೆಕ್ಕಕ್ಕೆ ಬರತ್ತೆ, ಖಾಲಿ ಹೊಟ್ಟೆಲಿ ಗಟಗಟ ಕುಡಿಯೋದು ಇದಕ್ಕೇ ಅಪಾಯ.

ಈಗ ಹದಿಹರೆಯ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಣ.

ಯೋಚನೆ, ಹಿಡಿತ ನೋಡ್ಕೊಳೋ ಮೆದುಳಿನ ಮುಂಭಾಗ ಪ್ರೀಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯೋದು ಇಪ್ಪತ್ತೈದರ ಹತ್ತಿರ. ಅಲ್ಲಿವರೆಗೆ ಮೆದುಳು ಎರಡು ಕೆಲಸ ಮಾಡ್ತಿರತ್ತೆ, ಕಾಫಿ ಗಿಡದಲ್ಲಿ ಬೇಡದ ಚಿಗುರು ತೆಗೆದ ಹಾಗೆ ಉಪಯೋಗ ಇಲ್ಲದ ಸಿನಾಪ್ಸ್‌ಗಳನ್ನ (ನರಕೋಶಗಳ ನಡುವಿನ ಕೊಂಡಿ) ಕತ್ತರಿಸೋದು, ಉಳಿದ ದಾರಿಗಳಿಗೆ ಸಿಗ್ನಲ್ ಬೇಗ ಹೋಗೋ ಹಾಗೆ ಮಯಲಿನ್ ಅನ್ನೋ ಕೊಬ್ಬಿನ ಪದರ ಹೊದಿಸೋದು. ಈ ಕೆಲಸದ ನಡುವೆ ಬಿಂಜ್ ಬಂದ್ರೆ ಏನಾಗತ್ತೆ ಅಂತ ಕೇಳಿದ್ರೆ ಮೊದಲ ಉತ್ತರ ಇಲಿಗಳಿಂದ ಬಂದಿದೆ, ಯಾಕಂದ್ರೆ ಮಕ್ಕಳಿಗೆ ಕುಡಿಸಿ ಪ್ರಯೋಗ ಮಾಡೋ ಹಾಗಿಲ್ಲ. ಅಮೆರಿಕದ ಸಂಶೋಧಕರಾದ ಲಿಂಡಾ ಸ್ಪಿಯರ್, ಸ್ಕಾಟ್ ಸ್ವಾರ್ಟ್ಸ್‌ವೆಲ್ಡರ್ ಇವರ ಕೆಲಸಗಳಲ್ಲಿ ಕಂಡಿದ್ದು ಏನಂದ್ರೆ ಹದಿಹರೆಯದ ಇಲಿಗೆ ದೊಡ್ಡ ಇಲಿಗಿಂತ ನಿದ್ದೆ ಕಮ್ಮಿ ಬರತ್ತೆ, ತೂರಾಡೋದೂ ಕಮ್ಮಿ, ಆದ್ರೆ ನೆನಪಿಗೆ ಬೀಳೋ ಪೆಟ್ಟು ಜಾಸ್ತಿ. ಇದನ್ನ ಎರಡು ಸಲ ಓದಿ. ಸಾಕು ಅಂತ ಹೇಳೋ ಲಕ್ಷಣಗಳು, ಮಂಪರು, ಕಾಲು ತಡವರಿಸೋದು, ಅವೇ ಚಿಕ್ಕ ವಯಸ್ಸಲ್ಲಿ ತಡವಾಗಿ ಬರ್ತವೆ, ಒಳಗಿನ ಹಾನಿ ಮಾತ್ರ ಮುಂಚೆ ಶುರು. "ನನಗೆ ಏರೋದೇ ಇಲ್ಲ ಮಗಾ" ಅಂತ ಹಾಸ್ಟೆಲ್‌ನಲ್ಲಿ ಹೆಮ್ಮೆಯಿಂದ ಹೇಳೋ ಹುಡುಗನ ವಿಷ್ಯದಲ್ಲಿ ನನಗೆ ನಿಜಕ್ಕೂ ಭಯ ಆಗೋದು ಇದಕ್ಕೇ.

ಮನುಷ್ಯರಲ್ಲಿ ದೊಡ್ಡ ಸ್ಟಡಿ ಅಂದ್ರೆ ಅಮೆರಿಕದ ಎನ್‌ಕ್ಯಾಂಡಾ. 12ರಿಂದ 21 ವಯಸ್ಸಿನ 831 ಜನರನ್ನ ಐದು ಕಡೆ ಸೇರಿಸ್ಕೊಂಡು ವರ್ಷಾವರ್ಷ ಸ್ಕ್ಯಾನ್ ಮಾಡಿದ್ರು, ಬಹುಪಾಲು ಮಕ್ಕಳು ಸೇರುವಾಗ ಕುಡಿಯೋದು ಶುರುನೇ ಮಾಡಿರ್ಲಿಲ್ಲ ಅಥವಾ ಅತಿ ಕಮ್ಮಿ. ಇದರ ಬೆಲೆ ಇರೋದೇ ಅಲ್ಲಿ, ಮುಂಚಿನ ಸ್ಕ್ಯಾನ್ ಕೈಯಲ್ಲಿರೋದ್ರಿಂದ "ಮೆದುಳು ಮೊದಲೇ ಹಾಗಿತ್ತಾ, ಕುಡಿದ ಮೇಲೆ ಹಾಗಾಯ್ತಾ" ಅನ್ನೋ ಪ್ರಶ್ನೆಗೆ ಸ್ವಲ್ಪ ಉತ್ತರ ಸಿಗತ್ತೆ. ಜಾಸ್ತಿ ಕುಡಿಯೋಕೆ ಶುರು ಮಾಡಿದವರಲ್ಲಿ ಮುಂಭಾಗದ ಗ್ರೇ ಮ್ಯಾಟರ್ (ನರಕೋಶಗಳು ತುಂಬಿರೋ ಭಾಗ) ವಯಸ್ಸಿಗೆ ಇಳಿಯಬೇಕಾದ ವೇಗಕ್ಕಿಂತ ಬೇಗ ಇಳಿತು. ಹದಿಹರೆಯದಲ್ಲಿ ಗ್ರೇ ಮ್ಯಾಟರ್ ಇಳಿಯೋದು ಸಹಜ, ಅದು ಕತ್ತರಿಸೋ ಕೆಲಸದ ಭಾಗ ಅಂತಾನೇ ನೋಡ್ತಾರೆ, ತೊಂದರೆ ಇರೋದು ವೇಗದಲ್ಲಿ.

ಷಿಕಾಗೋದ ಇಲಿನಾಯ್ ಯೂನಿವರ್ಸಿಟಿಯ ಸುಭಾಷ್ ಪಾಂಡೆ ತಂಡದ ಕೆಲಸನೂ ಇಲ್ಲೇ ಸೇರಿಸ್ಕೊಳಿ. ಹದಿಹರೆಯದಲ್ಲಿ ಬಿಂಜ್ ಮಾಡಿಸಿದ ಇಲಿಗಳು ದೊಡ್ಡವಾದ ಮೇಲೂ ಆತಂಕ ಜಾಸ್ತಿ, ಕುಡಿಯೋದೂ ಜಾಸ್ತಿ, ಭಯ, ಆತಂಕ ನೋಡ್ಕೊಳೋ ಮೆದುಳಿನ ಭಾಗ ಅಮಿಗ್ಡಲಾದಲ್ಲಿ ಆರ್ಕ್ ಅನ್ನೋ ಜೀನ್‌ನ ಕೆಲಸ ತಗ್ಗಿರತ್ತೆ. 2022ರಲ್ಲಿ ಜೀನ್ ತಿದ್ದೋ ತಂತ್ರ ಕ್ರಿಸ್ಪರ್ ಉಪಯೋಗಿಸಿ ಆ ಜೀನ್‌ನ ಸ್ವಿಚ್ ಮತ್ತೆ ಸರಿ ಮಾಡಿದಾಗ ಆತಂಕ, ಕುಡಿತ ಎರಡೂ ಇಳಿದವು. ಇಲಿಲಿ ಆಗಿದ್ದು, ಮನುಷ್ಯರಿಗೆ ಔಷಧ ಸಿಕ್ತು ಅಂತ ಬರೀಬೇಡಿ, ಆದ್ರೆ ಕುಡಿತದ ಗುರುತು ಜೀನ್ ಓದೋ ರೀತಿಲಿ ವರ್ಷಗಟ್ಟಲೆ ಉಳಿಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಗಂಡು-ಹೆಣ್ಣು ವ್ಯತ್ಯಾಸಕ್ಕೆ ಬರಣ. ನನ್ನ ಪ್ರಕಾರ ಈ ಚಾಪ್ಟರ್‌ನಲ್ಲಿ ಯೋಚನೆ ಮಾಡಿಸೋ ಒಂದು ರಿಸಲ್ಟ್ ಅಂದ್ರೆ ಲಿಂಡ್ಸೆ ಸ್ಕ್ವೆಗ್ಲಿಯಾ ಅವರ 2012ರ ಸ್ಕ್ಯಾನ್ ಸ್ಟಡಿ. ಬಿಂಜ್ ಮಾಡೋ ಹುಡುಗರ ಫ್ರಂಟಲ್ ಕಾರ್ಟೆಕ್ಸ್ ಕುಡಿಯದ ಹುಡುಗರಿಗಿಂತ ತೆಳುವಾಗಿತ್ತು, ಬಿಂಜ್ ಮಾಡೋ ಹುಡುಗಿಯರದ್ದು ಕುಡಿಯದ ಹುಡುಗಿಯರಿಗಿಂತ ದಪ್ಪ! ದಪ್ಪ ಅಂದ್ರೆ ಒಳ್ಳೇದಾಯ್ತಲ್ಲ ಅನ್ಕೋಬೇಡಿ, ಆ ಹುಡುಗಿಯರಲ್ಲಿ ದಪ್ಪ ಇದ್ದಷ್ಟೂ ಗಮನ, ತಡೆಯೋ ಶಕ್ತಿಯ ಟೆಸ್ಟ್‌ಗಳಲ್ಲಿ ಸ್ಕೋರ್ ಕಮ್ಮಿ ಬರ್ತಿತ್ತು, ಕತ್ತರಿಸೋ ಕೆಲಸ ಹಿಂದೆ ಬಿದ್ದಿರಬಹುದು ಅನ್ನೋದು ಒಂದು ವಿವರಣೆ. ಚಿಕ್ಕ ಸ್ಟಡಿ, ಒಂದೇ ಸಲ ತೆಗೆದ ಸ್ಕ್ಯಾನ್, ಹಾಗಾಗಿ ಇದರ ಮೇಲೆ ಪೂರ್ತಿ ಭಾರ ಹಾಕೋಹಾಗಿಲ್ಲ. ಆದ್ರೂ ಯೋಚನೆ ಮಾಡಿ, ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದ್ರೆ ತೆಳು ದಪ್ಪ ಒಂದಕ್ಕೊಂದು ವಜಾ ಆಗಿ "ಏನೂ ಪರಿಣಾಮ ಇಲ್ಲ" ಅಂತ ಬರ್ತಿತ್ತು. ಎಷ್ಟೋ ವರ್ಷ ಪ್ರಾಣಿ ಪ್ರಯೋಗಗಳು ಬರೀ ಗಂಡು ಇಲಿಗಳಲ್ಲೇ ನಡೆದವು, ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2016ರಿಂದ ಲಿಂಗವನ್ನೂ ಲೆಕ್ಕಕ್ಕೆ ತಗೊಳಿ ಅಂತ ನಿಯಮ ತಂದಿದ್ದು ಇಂಥ ಕಾರಣಕ್ಕೇ. ಹೆಣ್ಣು ಇಲಿಗಳು ಗಂಡಿಗಿಂತ ಜಾಸ್ತಿ ಕುಡಿತವೆ ಅನ್ನೋದು ಗೊತ್ತಿರೋ ವಿಷ್ಯ, ಕ್ರಿಸ್ಟನ್ ಪ್ಲೀಲ್ ಅವರ ಲ್ಯಾಬ್ ಇದರಲ್ಲಿ ಈಸ್ಟ್ರೋಜನ್ ಕೈವಾಡ ಇದೆ ಅಂತ ತೋರಿಸಿದೆ, ಹಾರ್ಮೋನ್ ಏರಿದ ದಿನ ಬಿಂಜ್ ಏರತ್ತೆ.

ನಮ್ಮ ದೇಶದ ಅಂಕಿ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎನ್‌ಎಫ್‌ಎಚ್‌ಎಸ್-5 (2019-21) ಪ್ರಕಾರ 15 ದಾಟಿದ ಗಂಡಸರಲ್ಲಿ 18.8 ಪರ್ಸೆಂಟ್, ಹೆಂಗಸರಲ್ಲಿ 1.3 ಪರ್ಸೆಂಟ್ ಕುಡಿತಾರೆ. ಹೆಂಗಸರ ಸಂಖ್ಯೆ ಕಮ್ಮಿ ಅಂತ ಅವರ ಬಗ್ಗೆ ಓದೋದನ್ನ ಬಿಡಬಾರದು, ಮೇಲಿನ 165ರ ಲೆಕ್ಕ ಅವರದ್ದೇ, ನಾಚಿಕೆಗೆ ಹೆದರಿ ಡಾಕ್ಟರ್ ಹತ್ರ ತಡವಾಗಿ ಬರೋರೂ ಅವರೇ.

ವಯಸ್ಸಾದವರ ಭಾಗ ಚಿಕ್ಕದು, ಆದ್ರೆ ಮನೆಲಿ ಅಜ್ಜ ಇದ್ರೆ ಗಮನಿಸಿ. ವಯಸ್ಸಾದಂತೆ ದೇಹದ ನೀರು ಇಳಿಯತ್ತೆ, ವಿಡ್ಮಾರ್ಕ್ ಫ್ಯಾಕ್ಟರ್ ಕೂಡ ಇಳಿಯತ್ತೆ, ನಲವತ್ತರಲ್ಲಿ ತಡೀತಿದ್ದ ನೈಂಟಿ ಎಪ್ಪತ್ತರಲ್ಲಿ ತಡಿಯಲ್ಲ. ಮೆದುಳು ಕುಗ್ಗಿರೋದ್ರಿಂದ ಅದರ ಮೇಲಿನ ಸಣ್ಣ ರಕ್ತನಾಳಗಳು ಎಳೆದ ಹಾಗಿರ್ತವೆ, ಬಚ್ಚಲಲ್ಲಿ ಜಾರಿ ಬಿದ್ರೆ ಸಬ್‌ಡ್ಯೂರಲ್ ರಕ್ತಸ್ರಾವ (ಮೆದುಳಿನ ಹೊದಿಕೆ ಕೆಳಗೆ ರಕ್ತ ಸೇರೋದು) ಆಗಬಹುದು, ಕೆಲವೊಮ್ಮೆ ವಾರಗಳ ಮೇಲೆ ಗೊತ್ತಾಗತ್ತೆ, ಅಲ್ಲಿವರೆಗೆ ಮನೆಯವರು ಮರೆವು ಅನ್ಕೊಂಡಿರ್ತಾರೆ. ಆಲ್ಪ್ರಜೋಲಾಮ್ ಥರ ನಿದ್ದೆ ಮಾತ್ರೆ ಜೊತೆ ಕುಡಿದ್ರೆ ಎರಡೂ ಗಾಬಾ ಮೇಲೇ ಕೆಲಸ ಮಾಡಿ ಉಸಿರು ನಿಧಾನ ಆಗತ್ತೆ, ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ಜೊತೆ ಆದ್ರೆ ಶುಗರ್ ಪಾತಾಳಕ್ಕೆ ಇಳಿಯತ್ತೆ.

ವಾಪಸ್ ಬರತ್ತಾ ಅಂತ ಎಲ್ಲರೂ ಕೇಳ್ತಾರೆ. ದೊಡ್ಡವರಲ್ಲಿ ಬಿಟ್ಟ ಮೇಲೆ ಕಾರ್ಟೆಕ್ಸ್ ದಪ್ಪ ಬಹಳಷ್ಟು ಕಡೆ ಸುಧಾರಿಸತ್ತೆ, ಮೊದಲ ತಿಂಗಳಲ್ಲೇ ಜಾಸ್ತಿ, ಆಮೇಲೆ ನಿಧಾನ. ಆದ್ರೆ ದಿನಾ ಜಾಸ್ತಿ ಕುಡಿತಿದ್ದವರು ಒಂದೇ ಸಲ ತಾವಾಗೇ ನಿಲ್ಲಿಸಬಾರದು, ಇಷ್ಟು ದಿನ ಅದುಮಿಟ್ಟಿದ್ದ ಗ್ಲುಟಮೇಟ್ ಒಮ್ಮೆಗೇ ಏರಿ ಫಿಟ್ಸ್ ಬರಬಹುದು, ಡೆಲಿರಿಯಮ್ (ತೀವ್ರ ಗೊಂದಲ, ಇಲ್ಲದ್ದು ಕಾಣೋದು) ಆಗಬಹುದು, ಡಾಕ್ಟರ್ ಜೊತೆಗೆ ಥಯಮಿನ್ (ವಿಟಮಿನ್ ಬಿ1) ಕೂಡ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವ್ಯಸನ ಚಿಕಿತ್ಸಾ ವಿಭಾಗ ಇದೆ, ಫೋನ್‌ನಲ್ಲಿ ಮಾತಾಡೋಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡ್ತಾರೆ. ಪಾರ್ಟಿಲಿ ಯಾರಾದ್ರೂ ಕುಡಿದು ಎಬ್ಬಿಸಿದ್ರೂ ಏಳದೇ ಇದ್ರೆ ಮಲಗಿ ಸರಿ ಹೋಗ್ತಾನೆ ಅಂತ ಬಿಟ್ಟು ಹೋಗಬೇಡಿ, ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು ಕಾಫಿ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೆ ಪಕ್ಕದಲ್ಲೇ ಕೂತು ಉಸಿರು ನೋಡ್ತಿರಿ, ಹೊಟ್ಟೆಲಿರೋದು ಇನ್ನೂ ರಕ್ತಕ್ಕೆ ಏರ್ತಾನೇ ಇರತ್ತೆ.