ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುವುದೇ?

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಎರಡು ಬದಲಾವಣೆಗಳಿಗೆ. ಒಂದು, ಮುಂದಿನ ಚಕ್ರಗಳಿಗೆ ದೊಡ್ಡ ಬ್ರೇಕ್ ಡಿಸ್ಕ್, ಅಂದರೆ ಚಕ್ರದೊಂದಿಗೆ ತಿರುಗುವ ಕಬ್ಬಿಣದ ಬಿಲ್ಲೆ. ಇನ್ನೊಂದು, ಕಾರನ್ನು ನೆಲಕ್ಕೆ ತಗ್ಗಿಸುವ ಗಡುಸಾದ ಗಿಡ್ಡ ಸ್ಪ್ರಿಂಗ್. ಡಿಸ್ಕ್ ದೊಡ್ಡದಾದಷ್ಟೂ ಕಾರು ಬೇಗ ನಿಲ್ಲುತ್ತದೆ, ಸ್ಪ್ರಿಂಗ್ ಗಡುಸಾದಷ್ಟೂ ತಿರುವಿನಲ್ಲಿ ಕಾರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಇಪ್ಪತ್ತು ವರ್ಷಗಳಿಂದ ಬದಲಾಗದ, ಸಸ್ಪೆನ್ಷನ್ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳ ಮೇಲೆಯೇ ಹೊಸ ಸ್ಪ್ರಿಂಗ್ ಕೂರಿಸುವವರಿದ್ದಾರೆ. ಈ ಎರಡೂ ನಂಬಿಕೆಗಳು ತಪ್ಪು ಎಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ತೋರಿಸಬಹುದು.

ಉದಾಹರಣೆಗೆ ಒಂದೇ ಕಾರನ್ನು ಇಟ್ಟುಕೊಳ್ಳೋಣ. ಜಪಾನಿನ ಹಿರೋಷಿಮಾದ ಮಜ್ದಾ ಕಂಪನಿ 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಜಗತ್ತಿಗೆ ಪರಿಚಯಿಸಿದ ಎಂಎಕ್ಸ್-5, ಅಮೆರಿಕದವರ ಬಾಯಲ್ಲಿ ಮಿಯಾಟಾ ಆಯಿತು. ಎರಡೇ ಆಸನ, ಮಡಚುವ ಛಾವಣಿ, ಹಿಂದಿನ ಚಕ್ರಗಳಿಗೆ ಎಂಜಿನ್ ಬಲ, ಒಂದು ಟನ್ನಿನ ಆಸುಪಾಸಿನ ತೂಕ ಮತ್ತು ನಾಲ್ಕೂ ಚಕ್ರಗಳಿಗೆ ಜೋಡಿ ವಿಶ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುವ ವ್ಯವಸ್ಥೆ) ಇದ್ದ ಈ ಕಾರಿನ ಮೊದಲ ಪೀಳಿಗೆಯ ತಯಾರಿಕೆ 1997ರಲ್ಲಿ ನಿಂತಿತು. ಇಂದು ರಸ್ತೆಯಲ್ಲಿ ಉಳಿದಿರುವ ಆ ಪೀಳಿಗೆಯ ಕಾರುಗಳೆಲ್ಲವೂ ಪ್ರಾಯ ಕಳೆದವುಗಳೇ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 27.8 ಮೀಟರ್ ವೇಗದಲ್ಲಿ ಓಡುತ್ತಿರುವ 1,000 ಕಿಲೋಗ್ರಾಂ ತೂಕದ ಕಾರಿನಲ್ಲಿ ಸುಮಾರು 386 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಒಂದೂಕಾಲು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಬಿಂದುವಿಗೆ ತರಲು ಬೇಕಾಗುವಷ್ಟು ಶಕ್ತಿ ಇದು. ಒಲೆಗೆ ಆ ಕೆಲಸಕ್ಕೆ ಹಲವು ನಿಮಿಷ ಬೇಕಾದರೆ ಬ್ರೇಕ್ ಅಷ್ಟೂ ಶಕ್ತಿಯನ್ನು ಮೂರು-ನಾಲ್ಕು ಸೆಕೆಂಡಿನಲ್ಲಿ ಶಾಖವಾಗಿಸಿ ಮುಗಿಸುತ್ತದೆ. ಆದರೆ ಕಾರನ್ನು ತಡೆದು ಹಿಡಿಯುವ ಬಲವು ಹುಟ್ಟುವುದು ಡಿಸ್ಕಿನಲ್ಲಿ ಅಲ್ಲ, ಟೈರು ರಸ್ತೆಯನ್ನು ಮುಟ್ಟುವ ಅಂಗೈಯಗಲದ ಜಾಗದಲ್ಲಿ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ (ಹಿಡಿತದ ಬಲಕ್ಕೂ ಟೈರಿನ ಮೇಲಿನ ಭಾರಕ್ಕೂ ಇರುವ ಅನುಪಾತ) 0.9 ಎಂದಿಟ್ಟುಕೊಂಡರೆ, ಆ ವೇಗದಿಂದ ನಿಲ್ಲಲು ಕನಿಷ್ಠ 44 ಮೀಟರ್ ದಾರಿ ಬೇಕು. ಈ ಲೆಕ್ಕದಲ್ಲಿ ಡಿಸ್ಕಿನ ವ್ಯಾಸಕ್ಕೆ ಜಾಗವೇ ಇಲ್ಲ. ಪೆಡಲನ್ನು ಬಲವಾಗಿ ತುಳಿದಾಗ ಚಕ್ರಗಳು ತಿರುಗುವುದನ್ನು ನಿಲ್ಲಿಸಿ ಜಾರತೊಡಗುವುದಾದರೆ, ಟೈರು ತಾಳುವುದಕ್ಕಿಂತ ಹೆಚ್ಚಿನ ಬಲ ಆ ಬ್ರೇಕಿನಲ್ಲಿ ಈಗಾಗಲೇ ಇದೆ ಎಂದೇ ಅರ್ಥ. ಸುಸ್ಥಿತಿಯಲ್ಲಿರುವ ಮಿಯಾಟಾದ ಮೂಲ ಬ್ರೇಕಿಗೆ ಆ ಶಕ್ತಿ ಧಾರಾಳವಾಗಿದೆ. ನಿಲ್ಲುವ ದೂರವನ್ನು ಕಡಿಮೆ ಮಾಡಬೇಕೆಂದಿರುವವರು ಮೊದಲು ಟೈರಿನ ತಯಾರಿಕೆಯ ದಿನಾಂಕ ನೋಡಬೇಕು. ಮೇಲ್ಮೈಯ ಗೀರುಗಳು ಸವೆಯದಿದ್ದರೂ ಹತ್ತು ವರ್ಷ ಹಳೆಯ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ.

ಹಾಗಾದರೆ ದೊಡ್ಡ ಡಿಸ್ಕಿನಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದು ಉಷ್ಣಕ್ಕೆ ಸಂಬಂಧಿಸಿದ್ದು. ಒಟ್ಟು ಶಕ್ತಿಯ ಸುಮಾರು ಶೇಕಡ 70 ಭಾಗವನ್ನು ಮುಂದಿನ ಎರಡು ಡಿಸ್ಕುಗಳು ನುಂಗುತ್ತವೆ. ಪ್ರತಿಯೊಂದೂ ನಾಲ್ಕು ಕಿಲೋಗ್ರಾಂ ಎರಕದ ಕಬ್ಬಿಣವೆಂದು ಭಾವಿಸಿದರೆ, ಒಮ್ಮೆ ನಿಲ್ಲಿಸಿದಾಗ ಅದರ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು ಏರುತ್ತದೆ. ಒಮ್ಮೆಗೆ ಇದೇನೂ ದೊಡ್ಡದಲ್ಲ. ಘಟ್ಟದ ಇಳಿಜಾರಿನಲ್ಲಿಯೋ ರೇಸ್ ಟ್ರ್ಯಾಕಿನಲ್ಲಿಯೋ ಆರಲು ಬಿಡುವಿಲ್ಲದೆ ಮತ್ತೆ ಮತ್ತೆ ತುಳಿದಾಗ ಮಾತ್ರ ಈ ಏರಿಕೆಗಳು ಒಂದರ ಮೇಲೊಂದು ಸೇರಿ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡಿನೊಳಗಿನ ಅಂಟು ಸುಟ್ಟು ಘರ್ಷಣೆ ಕುಸಿಯುತ್ತದೆ. ಹೆಚ್ಚು ಕಬ್ಬಿಣ, ಹೆಚ್ಚು ಮೇಲ್ಮೈ ಇದ್ದರೆ ಆ ಹಂತ ತಡವಾಗಿ ಬರುತ್ತದೆ. ದೊಡ್ಡ ಡಿಸ್ಕ್ ಕೊಡುವ ಮುಖ್ಯ ಲಾಭ ಇದು: ಮೊದಲ ಬಾರಿ ನಿಂತಷ್ಟೇ ಚೆನ್ನಾಗಿ ಹತ್ತನೆಯ ಬಾರಿಯೂ ನಿಲ್ಲುವ ಸಾಮರ್ಥ್ಯ.

ಡಿಸ್ಕ್ ಬ್ರೇಕ್ ಗೆದ್ದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, ಮುಂದಿನ ಅರ್ಧ ಶತಮಾನ ಕಾರುಗಳನ್ನು ಆಳಿದ್ದು ಡ್ರಮ್ ಬ್ರೇಕ್. ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಶೂಗಳೆಂಬ ಬಾಗಿದ ಪಟ್ಟಿಗಳು ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ಕಾದ ಡ್ರಮ್ ಹಿಗ್ಗಿದಂತೆ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತಾ ಹೋಗುತ್ತದೆ. ಡಿಸ್ಕ್ ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ, ಮೇಲಾಗಿ ಗಾಳಿಗೆ ತೆರೆದುಕೊಂಡಿರುತ್ತದೆ. 1953ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಡನ್ಲಪ್ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಅಲ್ಲಿ ವಿಜೇತರ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಆ ಕಾರು, ಸುಮಾರು ಆರು ಕಿಲೋಮೀಟರ್ ಉದ್ದದ ನೇರ ರಸ್ತೆಯ ಕೊನೆಯಲ್ಲಿ ಡ್ರಮ್ ಬ್ರೇಕಿನ ಎದುರಾಳಿಗಳಿಗಿಂತ ತಡವಾಗಿ, ನಂಬಿಕೆಯಿಂದ ಬ್ರೇಕ್ ಹಿಡಿಯಬಲ್ಲದಾಗಿತ್ತು, ಅದೂ ಇಡೀ ಹಗಲು, ಇಡೀ ರಾತ್ರಿ.

ಉಷ್ಣದ ಮಾತು ಬಂದಮೇಲೆ ಬ್ರೇಕ್ ಆಯಿಲ್ ಬಗ್ಗೆ ಹೇಳಲೇಬೇಕು. ಆಯಿಲ್ ಎಂದು ಕರೆದರೂ ಇದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ರಬ್ಬರ್ ಹೋಸಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಇದು ಗಾಳಿಯ ತೇವವನ್ನು ವರ್ಷಗಟ್ಟಲೆ ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬುದು ನಿಯಮ. ಅದರಲ್ಲಿ ಶೇಕಡ ಮೂರು-ನಾಲ್ಕರಷ್ಟು ನೀರು ಸೇರಿದಾಗ ಇರಬೇಕಾದ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ದ್ರವವನ್ನು ಒತ್ತಿ ಕುಗ್ಗಿಸಲಾಗದು ಎಂಬ ಗುಣದ ಮೇಲೆ, ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲ್ ನಿಯಮದ ಮೇಲೆ, ಇಡೀ ಬ್ರೇಕ್ ನಿಂತಿದೆ. ಪಿಸ್ಟನ್ನಿನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ಆ ದ್ರವ ಕುದಿದು ಒಂದಿಷ್ಟು ಆವಿ ಹುಟ್ಟಿತೆಂದರೆ, ಆವಿಯನ್ನು ಸುಲಭವಾಗಿ ಕುಗ್ಗಿಸಬಹುದಾದ್ದರಿಂದ ಪಾದದ ಬಲವೆಲ್ಲ ಅದನ್ನು ಅದುಮುವುದರಲ್ಲೇ ಕಳೆದು, ಪೆಡಲ್ ನೆಲ ಮುಟ್ಟಿದರೂ ಪ್ಯಾಡ್ ಡಿಸ್ಕನ್ನು ಹಿಡಿಯುವುದಿಲ್ಲ. ಎಷ್ಟೇ ಬೆಲೆಯ ಡಿಸ್ಕ್ ಹಾಕಿದ್ದರೂ ಇದು ತಪ್ಪದು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸುವ ಅಗ್ಗದ ಕೆಲಸವು ಯಾವ ಅಪ್‌ಗ್ರೇಡಿಗಿಂತಲೂ ಮೇಲು ಎಂದು ನಾನು ಒತ್ತಿ ಹೇಳುತ್ತೇನೆ. ಸ್ಟೀಲ್ ಹೆಣಿಗೆಯ ಹೋಸು ಪೆಡಲನ್ನು ಗಟ್ಟಿಯಾಗಿಸುತ್ತದೆ, ಅಷ್ಟೇ. ರೇಸಿನ ಪ್ಯಾಡುಗಳು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದೇ ಇಲ್ಲವಾದ್ದರಿಂದ ಊರೊಳಗಿನ ಓಡಾಟಕ್ಕೆ ಅವು ಅಪಾಯಕಾರಿ.

ಮುಂದಿನ ಬ್ರೇಕನ್ನು ಮಾತ್ರ ದೊಡ್ಡದು ಮಾಡುವುದರಲ್ಲಿ ಇನ್ನೊಂದು ತೊಡಕಿದೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ. ಮಿಯಾಟಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,265 ಮಿಲಿಮೀಟರ್. ಗುರುತ್ವಕೇಂದ್ರ ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿದೆಯೆಂದು ಊಹಿಸಿದರೆ, ಬಲವಾಗಿ ಬ್ರೇಕ್ ಹಿಡಿದಾಗ ಸರಿಸುಮಾರು ಸಮಸಮವಾಗಿದ್ದ ಭಾರ ಮುಂದೆ 68, ಹಿಂದೆ 32ರ ಪ್ರಮಾಣಕ್ಕೆ ಬರುತ್ತದೆ. ಬ್ರೇಕ್ ಬಲವೂ ಇದೇ ಪ್ರಮಾಣದಲ್ಲಿ ಹಂಚಿಕೆಯಾಗಬೇಕು. ಮುಂದಿನದು ಅತಿಯಾದರೆ ಮುಂದಿನ ಚಕ್ರಗಳು ಮೊದಲೇ ಜಾರಿ, ಹಿಂದಿನ ಟೈರುಗಳ ಶಕ್ತಿ ಬಳಕೆಯಾಗದೆ ನಿಲ್ಲುವ ದೂರ ಹೆಚ್ಚುತ್ತದೆ. ಹಿಂದಿನದು ಅತಿಯಾದರೆ ಕಾರು ಬುಗುರಿಯಾಗುತ್ತದೆ. 1994ರಲ್ಲಿ ಎಂಜಿನ್ 1.6ರಿಂದ 1.8 ಲೀಟರಿಗೆ ಏರಿದಾಗ ಮಜ್ದಾ ಎಂಜಿನಿಯರುಗಳು ಮುಂದಿನ ಡಿಸ್ಕನ್ನು 235ರಿಂದ 255 ಮಿಲಿಮೀಟರಿಗೂ, ಹಿಂದಿನದನ್ನು 231ರಿಂದ 251 ಮಿಲಿಮೀಟರಿಗೂ ಒಟ್ಟಿಗೇ ಹಿಗ್ಗಿಸಿದರು. ಹಳೆಯ 1.6ಕ್ಕೆ ಈ ನಾಲ್ಕನ್ನೂ ಹೊಂದಿಸಿಕೊಳ್ಳುವುದು ನಾನು ಒಪ್ಪುವ ಏಕೈಕ ದೊಡ್ಡ ಡಿಸ್ಕ್.

ಹಿಂದಿನ ಕ್ಯಾಲಿಪರಿನ ಒಂದು ಗುಟ್ಟು ಗೊತ್ತಿಲ್ಲದೆ ಕೆಟ್ಟ ಬ್ರೇಕುಗಳು ಅನೇಕ. ಮುಂದಿನ ಪಿಸ್ಟನ್ನನ್ನು ಕ್ಲಾಂಪಿನಿಂದ ಒಳಕ್ಕೆ ಒತ್ತಬಹುದು; ಹಿಂದಿನದಕ್ಕೆ ಹ್ಯಾಂಡ್‌ಬ್ರೇಕಿನ ಯಾಂತ್ರಿಕ ಜೋಡಣೆಯಿರುವುದರಿಂದ ಹಾಗೆ ಒತ್ತಿದರೆ ಒಳಗಿನ ಭಾಗ ಹಾಳಾಗುತ್ತದೆ. ಕ್ಯಾಲಿಪರಿನ ಬೆನ್ನಿನಲ್ಲಿರುವ ಒಂದು ಬೋಲ್ಟನ್ನು ತೆಗೆದರೆ ಅದರಡಿ 4 ಮಿಲಿಮೀಟರ್ ಅಲೆನ್ ಕೀಲಿ ಹಿಡಿಯುವ ಸ್ಕ್ರೂ ಇದೆ. ಅದನ್ನು ತಿರುಗಿಸಿ ಪಿಸ್ಟನ್ನನ್ನು ಹಿಂದೆ ಸರಿಸಿ, ಹೊಸ ಪ್ಯಾಡ್ ಕೂರಿಸಿ, ಡಿಸ್ಕನ್ನು ಹಿಡಿಯುವವರೆಗೆ ಬಿಗಿದು ಮತ್ತೆ ತುಸು ಸಡಿಲಿಸಬೇಕು. ಇದನ್ನು ಮಾಡದ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಷ್ಟು ಎಳೆದರೂ ಹಿಡಿಯದು.

ಇನ್ನು ಸಸ್ಪೆನ್ಷನ್. ಇದರ ಮೊದಲ ಕೆಲಸ, ಏರುಪೇರಿನ ರಸ್ತೆಯಲ್ಲಿ ಟೈರಿನ ಮೇಲಿನ ಒತ್ತಡ ಆದಷ್ಟು ಏರಿಳಿಯದಂತೆ ನೋಡಿಕೊಳ್ಳುವುದು. ಟೈರಿನ ಮೇಲೆ ಭಾರ ಇಮ್ಮಡಿಯಾದರೂ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆ ಹೆಚ್ಚುತ್ತದೆ. ಆದ್ದರಿಂದ ಒತ್ತಡ ಏರಿಳಿದಷ್ಟೂ ಸರಾಸರಿ ಹಿಡಿತ ಕುಗ್ಗುತ್ತದೆ. ಸಾಮಾನ್ಯ ಕಾರಿನ ದೇಹ ಸೆಕೆಂಡಿಗೆ ಒಂದು ಅಥವಾ ಒಂದೂವರೆ ಬಾರಿಯಂತೆ ತೂಗಿದರೆ, ಹಗುರವಾದ ಚಕ್ರ ಮಾತ್ರ ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಬಾರಿ ನೆಗೆಯುತ್ತದೆ. ಎರಡನ್ನೂ ಅಡಗಿಸಬೇಕಾದದ್ದು ಶಾಕ್ ಅಬ್ಸಾರ್ಬರ್. ಕಾರಿನ ಮೂಲೆಯನ್ನು ಕೈಯಿಂದ ಅದುಮಿ ಬಿಟ್ಟು, ಕುಣಿಯಲಿಲ್ಲವಾದ್ದರಿಂದ ಶಾಕ್ ಚೆನ್ನಾಗಿದೆ ಎನ್ನುವವರು ನಿಧಾನದ ತೂಗಾಟವನ್ನಷ್ಟೇ ಪರೀಕ್ಷಿಸಿದ್ದಾರೆ. ಚಕ್ರದ ವೇಗದ ನೆಗೆತವನ್ನು ಆ ಪರೀಕ್ಷೆ ಮುಟ್ಟುವುದೇ ಇಲ್ಲ.

ಸ್ಪ್ರಿಂಗಿನ ಗಡಸುತನವನ್ನು ಎರಡು ಪಟ್ಟು ಮಾಡಿದರೆ ತೂಗಾಟದ ಆವರ್ತನ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಹೆಚ್ಚುತ್ತದೆ. ಅದನ್ನು ಹಿಂದಿನಷ್ಟೇ ಚೆನ್ನಾಗಿ ಅಡಗಿಸಲು ಶಾಕಿನ ಪ್ರತಿರೋಧವೂ 1.41 ಪಟ್ಟು ಹೆಚ್ಚಬೇಕು. ಸವೆದ ಹಳೆಯ ಶಾಕಿನ ಮೇಲೆ ಹೊಸ ಗಡುಸು ಸ್ಪ್ರಿಂಗ್ ಹಾಕಿದ ಕಾರು ಮೊದಲಿಗಿಂತ ಕೆಟ್ಟದಾಗಿ ಓಡಲು ಕಾರಣ ಇದೇ. ಮಿಯಾಟಾದಲ್ಲಿ ಇದಕ್ಕೆ ಇನ್ನೊಂದು ತೊಂದರೆ ಸೇರುತ್ತದೆ. ಅದರ ಸಸ್ಪೆನ್ಷನ್ ಮೇಲಕ್ಕೆ ಚಲಿಸಲು ಇರುವ ಜಾಗವೇ ಕಡಿಮೆ. ಕಾರನ್ನು ತಗ್ಗಿಸಿದರೆ ತಿರುವಿನ ನಡುವೆಯೇ ಶಾಕ್ ತನ್ನ ಚಲನೆಯನ್ನು ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಹೋಗಿ ಬಡಿಯುತ್ತದೆ, ಆ ಮೂಲೆ ಒಮ್ಮೆಲೇ ಕಲ್ಲಿನಂತಾಗಿ ಟೈರು ಜಾರುತ್ತದೆ.

ಸ್ಪ್ರಿಂಗ್, ಶಾಕ್ ಎರಡಕ್ಕಿಂತ ಮೊದಲು ಬದಲಿಸಬೇಕಾದವು ವಿಶ್‌ಬೋನುಗಳ ರಬ್ಬರ್ ಬುಷ್‌ಗಳು. ಇವು ಬಾಗಿಲ ಕೀಲಿನಂತೆ ಜಾರಿ ತಿರುಗುವುದಿಲ್ಲ. ಒಳಗಿನ ಲೋಹದ ಕೊಳವೆಗೂ ಹೊರಗಿನದಕ್ಕೂ ಅಂಟಿದ ರಬ್ಬರು ತಿರುಚಿಕೊಳ್ಳುವುದರಿಂದಲೇ ತೋಳು ಆಡುತ್ತದೆ. ಆದ್ದರಿಂದ ಕಾರು ಜಾಕಿನ ಮೇಲಿದ್ದು ಚಕ್ರ ಜೋತುಬಿದ್ದಿರುವಾಗ ಬೋಲ್ಟನ್ನು ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ, ಕಾರಿನ ಎತ್ತರವೂ ತಪ್ಪುತ್ತದೆ. ಬೋಲ್ಟುಗಳನ್ನು ಕೈಬಿಗಿಯಾಗಿ ಹಾಕಿ, ಕಾರು ತನ್ನ ಕಾಲ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿತ ಕೊಡಬೇಕು.

ಕೆಳತೋಳಿನ ಬೋಲ್ಟುಗಳಿಗೆ, ಚಕ್ರಗಳ ಕೋನ ಹೊಂದಿಸುವ ವೀಲ್ ಅಲೈನ್‌ಮೆಂಟಿಗೆಂದು ತಿರುಗಿಸಿದಾಗ ತೋಳನ್ನು ತುಸು ಸರಿಸುವ, ಕೇಂದ್ರ ತಪ್ಪಿಸಿದ ಕ್ಯಾಮ್‌ಗಳಿವೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹರಡುವ ಊರುಗಳಲ್ಲಿ ಬೆಳೆದ ಮಿಯಾಟಾಗಳಲ್ಲಿ ಈ ಬೋಲ್ಟುಗಳು ಬುಷ್ಷಿನ ಒಳಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡು, ಕಡೆಗೆ ಗರಗಸದಿಂದ ಕೊಯ್ಯುವುದೇ ದಾರಿಯಾಗುತ್ತದೆ. ಹೊಸ ಬೋಲ್ಟು ಹಾಕುವಾಗ ಕೊಳವೆಯೊಳಗೆ ತುಕ್ಕು ತಡೆಯುವ ಗ್ರೀಸ್ ಬಳಿಯಬೇಕು. ಬುಷ್, ಶಾಕ್, ಸ್ಪ್ರಿಂಗ್ ಎಲ್ಲವೂ ಕೂತು, ಕೆಲವು ದಿನ ಓಡಿಸಿ ಎತ್ತರ ನೆಲೆಗೊಂಡ ಮೇಲೆ, ಓಡಿಸುವವರ ತೂಕ ಆಸನದಲ್ಲಿರುವಂತೆ ಅಲೈನ್‌ಮೆಂಟ್ ಮಾಡಿಸಬೇಕು. ಎರಡೇ ಆಸನದ ಹಗುರ ಕಾರಿನಲ್ಲಿ ಒಬ್ಬರ ತೂಕವೇ ಚಕ್ರದ ಕೋನವನ್ನು ಅಳತೆಗೆ ಸಿಗುವಷ್ಟು ಬದಲಿಸುತ್ತದೆ.